ಕೀನ್ಯಾಕ್ಕೆ ಹೊರಟ ಭಜನಾ ಮಂಡಳಿ: ಕಾಡಿನಲ್ಲಿ ಮೌನ, ಊರಿನಲ್ಲಿ ನಾಮ

ಪ್ರಶ್ನೆ: ಸರ್, ನಮ್ಮದು ಸುಂಟಿಕೊಪ್ಪದ ಹತ್ತಿರದ ಒಂದು ಚಿಕ್ಕ ಭಜನಾ ಮಂಡಳಿ. ಪ್ರತಿ ಶನಿವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಈ ಸಲ 12 ಜನ ಒಟ್ಟಾಗಿ ಕೀನ್ಯಾಕ್ಕೆ ಹೋಗಿ ಅಲ್ಲಿನ ಮಸಾಯಿ ಮಾರಾ ಕಾಡು ನೋಡಬೇಕು ಅಂತ ಆಸೆ. ಅಲ್ಲಿನ ದೇವಸ್ಥಾನಗಳಲ್ಲಿ ಭಜನೆ ಮಾಡಬೇಕು, ಸಾಧ್ಯವಾದರೆ ಕಾಡಿನ ಮಧ್ಯೆಯೂ ಒಮ್ಮೆ ನಾಮಸಂಕೀರ್ತನೆ ಮಾಡಬೇಕು ಅಂತ ಎಲ್ಲರ ಮನಸ್ಸಿನಲ್ಲಿದೆ. ಇದು ಆಗುವ ಮಾತಾ? ಕನ್ನಡದ ಭಜನೆ ಅಲ್ಲಿ ಯಾರಿಗೆ ಅರ್ಥವಾಗುತ್ತದೆ? ವಾದ್ಯಗಳನ್ನು ಒಯ್ಯಬಹುದಾ? ನಮ್ಮ ಅತ್ತೆಗೆ 71 ವರ್ಷ. ಮಂಡಳಿಯಲ್ಲಿ ಹೇಳಿಕೊಡುವವರು ಅವರೇ. ಅವರನ್ನೂ ಕರೆದುಕೊಂಡು ಹೋಗಬಹುದಾ?

ಉತ್ತರ: ಆಗುವ ಮಾತೇ, ಅಕ್ಕ. ನಾನು ನಾಗರಹೊಳೆ ಪಕ್ಕದವನು. ಕಾಡು ತೋರಿಸುವುದೇ ನನ್ನ ಕೆಲಸ, ಮನೆಯಲ್ಲಿ ಭಜನೆ ನಮ್ಮ ಅಜ್ಜನ ಕಾಲದಿಂದ ಇದೆ. ಹಾಗಾಗಿ ಇಂಥ ತಂಡಗಳ ಜೊತೆ ಕೀನ್ಯಾಕ್ಕೆ, ನೇಪಾಳಕ್ಕೆ ಕೆಲವು ಸಲ ಹೋಗಿ ಬಂದಿದ್ದೇನೆ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಾಡು ನೋಡುವ ದಿನ ಬೇರೆ, ಭಜನೆಯ ದಿನ ಬೇರೆ ಇಟ್ಟುಕೊಳ್ಳಿ. ಕಾಡಿನ ಮಧ್ಯೆ ನಾಮಸಂಕೀರ್ತನೆ ಎಂಬ ಆಸೆಯನ್ನು ದಯವಿಟ್ಟು ಬಿಟ್ಟುಬಿಡಿ.

ಇದು ನಾನು ಪೆಟ್ಟು ತಿಂದು ಕಲಿತ ಪಾಠ. ಎರಡನೇ ಸಲ ಮಾರಾಕ್ಕೆ ಹೋದಾಗ ನಮ್ಮ ಗಾಡಿಯ ಎದುರು ಒಂದು ಚೀತಾ ಇತ್ತು. ಜೊತೆಗೆ ಮೂರು ಮರಿಗಳು. ತಾಯಿ ಒಂದು ಹುತ್ತದ ಮೇಲೆ ಹತ್ತಿ ದೂರದ ಜಿಂಕೆ ಹಿಂಡನ್ನೇ ನೋಡುತ್ತಿತ್ತು. ನಮ್ಮ ತಂಡದ ಹಿರಿಯರೊಬ್ಬರಿಗೆ ಕಣ್ಣು ತುಂಬಿ ಬಂತು. ಅವರಿಗೆ ಅರಿವಿಲ್ಲದೆಯೇ ಬಾಯಿಂದ ‘ಗೋವಿಂದಾ’ ಬಂತು. ಹಿಂದಿನ ಸೀಟಿನವರು ತಾಳ ಹಾಕಿ ಸೊಲ್ಲು ಹಿಡಿದರು. ತಡೆಯಬೇಕಾದವನು ನಾನು. ನಾನೂ ಸುಮ್ನೆ ಕೂತೆ, ನಿಜ ಹೇಳಬೇಕೆಂದರೆ ನನಗೂ ಹಿತವಾಗಿತ್ತು. ಒಂದು ನಿಮಿಷವೂ ಆಗಿರಲಿಲ್ಲ. ಜಿಂಕೆಗಳು ತಲೆ ಎತ್ತಿದವು, ಚದುರಿದವು. ಚೀತಾ ಕೆಳಗಿಳಿದು ಮರಿಗಳನ್ನು ಕರೆದುಕೊಂಡು ಹುಲ್ಲಿನೊಳಗೆ ಹೋಯಿತು. ನಮ್ಮ ಚಾಲಕ ಅಲ್ಲಿನ ಮಸಾಯಿ ಬುಡಕಟ್ಟಿನ ಹುಡುಗ. ಅವನು ಬೈಯಲಿಲ್ಲ. ‘ಅದು ಬೆಳಗಿನಿಂದ ಏನೂ ತಿಂದಿಲ್ಲ’ ಅಂದ, ಅಷ್ಟೇ. ಆ ದಿನ ರಾತ್ರಿ ನನಗೆ ಊಟ ಇಳಿಯಲಿಲ್ಲ.

ಚೀತಾ ಹಗಲಲ್ಲೇ ಬೇಟೆಯಾಡುವ ಪ್ರಾಣಿ. ಸಿಂಹ ಮತ್ತು ಕತ್ತೆಕಿರುಬದ ಕಾಟ ತಪ್ಪಿಸಿಕೊಳ್ಳಲು ಅದಕ್ಕೆ ಹಗಲೇ ಬೇಕು. ನಾವು ಪ್ರವಾಸಿಗಳು ಓಡಾಡುವುದೂ ಅದೇ ಹೊತ್ತಿನಲ್ಲಿ. ಹಾಗಾಗಿ ನಮ್ಮ ಸದ್ದಿನಿಂದ ಅದಕ್ಕೆ ಆಗುವ ನಷ್ಟ ಜಾಸ್ತಿ. (ಇಲ್ಲೊಂದು ಮಾತು: ನಮ್ಮಲ್ಲಿ ಚಿರತೆಯನ್ನೂ ಚೀತಾವನ್ನೂ ಒಂದೇ ಅಂದುಕೊಳ್ಳುವವರು ತುಂಬಾ ಇದ್ದಾರೆ. ನಮ್ಮ ತೋಟಕ್ಕೆ ಬಂದು ನಾಯಿ ಹೊತ್ತೊಯ್ಯುವುದು ಚಿರತೆ. ಚೀತಾ ಭಾರತದಲ್ಲಿ ಅಳಿದುಹೋಗಿದೆ ಎಂದು 1952ರಲ್ಲೇ ಘೋಷಿಸಲಾಗಿತ್ತು. 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟರು. ಮುಖದ ಮೇಲೆ ಕಣ್ಣೀರಿನ ಗೆರೆ ಹಾಗೆ ಕಪ್ಪು ಗೆರೆ ಇದ್ದರೆ ಅದು ಚೀತಾ.)

ಆನೆಯ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ಪಟಾಕಿ ಸದ್ದು ಯಾವುದು, ಟ್ರ್ಯಾಕ್ಟರ್ ಸದ್ದು ಯಾವುದು ಅಂತ ನಮ್ಮ ತೋಟದ ಆನೆಗಳಿಗೆ ಚೆನ್ನಾಗಿ ಗೊತ್ತು. ಕೀನ್ಯಾದ ಅಂಬೋಸೆಲಿಯಲ್ಲಿ 1972ರಿಂದ ಆನೆಗಳ ಅಧ್ಯಯನ ನಡೆಯುತ್ತಿದೆ. ಅಲ್ಲಿ ಸಂಶೋಧಕರು ಬೇರೆ ಬೇರೆ ಜನರ ಮಾತನ್ನು ರೆಕಾರ್ಡ್ ಮಾಡಿ ಆನೆಗಳಿಗೆ ಕೇಳಿಸಿದರು. 2014ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಮಸಾಯಿ ಗಂಡಸರ ದನಿ ಕೇಳಿದರೆ ಆನೆಗಳು ಗುಂಪುಗೂಡಿ ಹಿಂದೆ ಸರಿಯುತ್ತಿದ್ದವು. ಕಂಬಾ ಜನರ ದನಿಗೆ ಅಷ್ಟು ಹೆದರುತ್ತಿರಲಿಲ್ಲ. ಮಸಾಯಿ ಹೆಂಗಸರ, ಮಕ್ಕಳ ದನಿಗೂ ಅಷ್ಟಾಗಿ ಹೆದರುತ್ತಿರಲಿಲ್ಲ. ಈಟಿ ಹಿಡಿದು ಬರುವವರು ಯಾರು ಎಂದು ದನಿಯಲ್ಲೇ ಗುರುತಿಸುತ್ತವೆ ಅಂದರೆ ಯೋಚಿಸಿ. ಹನ್ನೆರಡು ಜನರ ಭಜನೆ ಅವಕ್ಕೆ ಭಜನೆಯಾಗಿ ಕೇಳಿಸುವುದಿಲ್ಲ. ಪರಿಚಯವಿಲ್ಲದ ಒಂದು ಗುಂಪಿನ ಗಲಾಟೆಯಾಗಿ ಕೇಳಿಸುತ್ತದೆ.

ನಮ್ಮ ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ನಾವು ಕೊಡಲಿ ಒಯ್ಯುವುದಿಲ್ಲ, ಹಬ್ಬದ ದಿನ ಬಿಟ್ಟರೆ ಕೂಗಾಡುವುದಿಲ್ಲ, ಚಪ್ಪಲಿ ಹೊರಗೆ ಬಿಟ್ಟು ಕೈಮುಗಿದು ಬರುತ್ತೇವೆ. ಅಲ್ಲಿ ಯಾರೂ ನಮಗೆ ಮೌನವಾಗಿರಿ ಅಂತ ಬೋರ್ಡ್ ಹಾಕಿಲ್ಲ. ಮಾರಾವನ್ನೂ ಒಂದು ದೇವರಕಾಡು ಅಂದುಕೊಂಡು ಹೋಗಿ. ಬಾಯಲ್ಲಿ ಹೇಳಲೇಬೇಕು ಅನ್ನಿಸಿದರೆ ಜಪ ಮಾಡಿ, ತುಟಿ ಅಲ್ಲಾಡಿದರೆ ಸಾಕು. ನಾನು ಈಗ ಬೆಳಿಗ್ಗೆ ಗಾಡಿ ಹತ್ತುವ ಮುಂಚೆ ಎಲ್ಲರ ತಾಳವನ್ನೂ ಒಂದು ಬಟ್ಟೆಯಲ್ಲಿ ಸುತ್ತಿ ರೂಮಿನಲ್ಲೇ ಇಡಿಸುತ್ತೇನೆ.

ಅಲ್ಲಿನ ನಿಯಮಗಳೂ ಇದನ್ನೇ ಹೇಳುತ್ತವೆ. ಸದ್ದು ಮಾಡುವಂತಿಲ್ಲ, ಗಾಡಿಯಿಂದ ಇಳಿಯುವಂತಿಲ್ಲ, ಒಂದು ಪ್ರಾಣಿಯ ಸುತ್ತ ಐದಕ್ಕಿಂತ ಹೆಚ್ಚು ಗಾಡಿ ನಿಲ್ಲುವಂತಿಲ್ಲ. ಚಾಲಕನಿಗೆ ‘ಇನ್ನೂ ಹತ್ತಿರ ಹೋಗು’ ಅಂತ ಒತ್ತಾಯ ಮಾಡಬೇಡಿ. ದಂಡ ಬೀಳುವುದು, ಕೆಲಸ ಹೋಗುವುದು ಅವನದ್ದು.

ಹಾಗಾದರೆ ಭಜನೆ ಎಲ್ಲಿ? ನೈರೋಬಿಯಲ್ಲಿ. ಮೊಂಬಾಸಾಕ್ಕೆ ಹೋದರೆ ಅಲ್ಲೂ ಆಗಬಹುದು.

ಕೀನ್ಯಾದಲ್ಲಿ ನಮ್ಮವರು ಹೇಗೆ ಬಂದರು ಅಂತ ತಿಳಿದುಕೊಂಡು ಹೋದರೆ ಅಲ್ಲಿ ಕೂತು ಹಾಡುವಾಗ ಮನಸ್ಸು ಬೇರೆಯೇ ಆಗುತ್ತದೆ. 1896ರಿಂದ 1901ರವರೆಗೆ ಬ್ರಿಟಿಷರು ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲು ಹಳಿ ಹಾಕಿಸಿದರು. ಅದಕ್ಕಾಗಿ ಭಾರತದಿಂದ 30 ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ಹಡಗಿನಲ್ಲಿ ಕರೆದೊಯ್ದರು. ಹೆಚ್ಚಿನವರು ಪಂಜಾಬಿನ ಕಡೆಯವರು. ಸುಮಾರು 2,500 ಮಂದಿ ಅಲ್ಲೇ ಸತ್ತರು. 1898ರಲ್ಲಿ ಸಾವೋ ನದಿಯ ಸೇತುವೆ ಕಟ್ಟುವಾಗ ಕೇಸರವಿಲ್ಲದ ಎರಡು ಗಂಡು ಸಿಂಹಗಳು ರಾತ್ರಿ ಡೇರೆಗಳಿಗೆ ನುಗ್ಗಿ ಕೂಲಿಗಳನ್ನು ಹೊತ್ತೊಯ್ಯುತ್ತಿದ್ದವು. ಜನ ಹೆದರಿ ಕೆಲಸ ಬಿಟ್ಟು ಓಡಿದರು, ಸೇತುವೆ ಕೆಲಸವೇ ನಿಂತಿತು. ಆ ವರ್ಷದ ಡಿಸೆಂಬರ್‌ನಲ್ಲಿ ಪ್ಯಾಟರ್ಸನ್ ಎಂಬ ಅಧಿಕಾರಿ ಎರಡನ್ನೂ ಹೊಡೆದ. ನಾವು ಇಂದು ದುಡ್ಡು ಕೊಟ್ಟು ನೋಡುವ ಸಿಂಹದ ಎದುರು ನಮ್ಮ ದೇಶದ ಬಡವರು ಬರಿಗೈಯಲ್ಲಿ ಮಲಗಿದ್ದರು. ಸಾವೋ ದಾಟುವಾಗ ನಾನು ಅವರಿಗಾಗಿ ಒಂದು ನಿಮಿಷ ಕಣ್ಣು ಮುಚ್ಚುತ್ತೇನೆ.

ಕೂಲಿಗಳಲ್ಲಿ ಬಹುಪಾಲು ಜನ ಕೆಲಸ ಮುಗಿದ ಮೇಲೆ ಊರಿಗೆ ವಾಪಸಾದರು. ಆಮೇಲೆ ಅಂಗಡಿ ಇಡಲು ಗುಜರಾತಿಗಳು ಹೆಚ್ಚಾಗಿ ಬಂದರು. 2017ರಲ್ಲಿ ಕೀನ್ಯಾ ಸರ್ಕಾರ ಭಾರತ ಮೂಲದ ಜನರನ್ನು ತನ್ನ 44ನೇ ಬುಡಕಟ್ಟು ಎಂದು ಒಪ್ಪಿಕೊಂಡಿತು. 2019ರ ಜನಗಣತಿಯಲ್ಲಿ ಸುಮಾರು 60 ಸಾವಿರ ಹಿಂದೂಗಳಿದ್ದಾರೆ. ಅವರ ದೇವಸ್ಥಾನ, ಶಾಲೆ, ಆಸ್ಪತ್ರೆ ಎಲ್ಲ ನೈರೋಬಿಯಲ್ಲಿವೆ. ಸ್ವಾಹಿಲಿ ಭಾಷೆಯಲ್ಲೂ ನಮ್ಮ ಮಾತು ಸಿಗುತ್ತದೆ. ಗಾಡಿಗೆ ‘ಗಾರಿ’, ಚಪಾತಿಗೆ ‘ಚಪಾತಿ’.

ಈಗ ಯಾವ ದೇವಸ್ಥಾನ? ಇಲ್ಲಿ ಸ್ವಲ್ಪ ಯೋಚಿಸಬೇಕು. ನೈರೋಬಿಯ ಸ್ವಾಮಿನಾರಾಯಣ ಮಂದಿರ 1999ರಲ್ಲಿ ಉದ್ಘಾಟನೆಯಾದದ್ದು, ಕೆತ್ತನೆ ನೋಡಲು ಎರಡು ಕಣ್ಣು ಸಾಲದು. ಆದರೆ ಅಲ್ಲಿ ಪೂಜೆ, ಕೀರ್ತನೆ ಎಲ್ಲದಕ್ಕೂ ಅವರದೇ ಕ್ರಮ ಇದೆ. ಗಂಡಸರು ಹೆಂಗಸರು ಬೇರೆ ಬೇರೆ ಕೂರುತ್ತಾರೆ. ಅಲ್ಲಿಗೆ ದರ್ಶನಕ್ಕೆ ಹೋಗಿ, ಅವರ ಆರತಿಯಲ್ಲಿ ಕೈಮುಗಿದು ನಿಲ್ಲಿ. ‘ನಾವೂ ಹಾಡುತ್ತೇವೆ’ ಅಂತ ಕೇಳಬೇಡಿ. ಹಾಡಲು ಸನಾತನ ಧರ್ಮದ ಸಭೆಗಳು ನಡೆಸುವ ದೇವಸ್ಥಾನ ಒಳ್ಳೆಯದು. ರಾಮ, ಶಿವ, ದೇವಿ ಎಲ್ಲರೂ ಒಂದೇ ಸೂರಿನಡಿ ಇರುತ್ತಾರೆ, ಬೇರೆ ಊರಿನ ಮಂಡಳಿ ಬಂತೆಂದರೆ ಖುಷಿಯಿಂದ ಜಾಗ ಕೊಡುತ್ತಾರೆ. ಎರಡು ತಿಂಗಳ ಮೊದಲೇ ಪತ್ರ ಬರೆಯಿರಿ. ಎಷ್ಟು ಜನ, ಎಷ್ಟು ಹೊತ್ತು, ಏನೇನು ವಾದ್ಯ ಅಂತ ಸ್ಪಷ್ಟವಾಗಿ ಹೇಳಿ. ದುಡ್ಡು, ಸಂಭಾವನೆ ಯಾವುದೂ ಬೇಡ ಅಂತಲೂ ಬರೆಯಿರಿ. ಪ್ರವಾಸಿ ಅನುಮತಿಯಲ್ಲಿ ಹೋದವರು ಹಣ ಪಡೆದು ಕಾರ್ಯಕ್ರಮ ಕೊಡಬಾರದು. ಟಿಕೆಟ್ ಇಟ್ಟ ಸಭೆ, ರಸ್ತೆಯಲ್ಲಿ ಮೈಕ್, ಇವೆರಡಕ್ಕೂ ಒಪ್ಪಿಕೊಳ್ಳಬೇಡಿ.

ಕನ್ನಡ ಯಾರಿಗೆ ಅರ್ಥವಾಗುತ್ತದೆ ಅಂತ ಕೇಳಿದ್ದೀರಿ. ಪದ ಅರ್ಥವಾಗುವುದಿಲ್ಲ, ನಾಮ ಅರ್ಥವಾಗುತ್ತದೆ. ಗುಜರಾತಿಗಳಲ್ಲಿ ‘ಧೂನ್’ ಅಂತ ಒಂದು ಪದ್ಧತಿ ಇದೆ. ಒಂದೇ ನಾಮವನ್ನು ಮತ್ತೆ ಮತ್ತೆ, ನಿಧಾನದಿಂದ ವೇಗಕ್ಕೆ ಏರಿಸುತ್ತಾ ಎಲ್ಲರೂ ಹೇಳುವುದು. ನಮ್ಮ ನಾಮಸಂಕೀರ್ತನೆಯೇ ಅದು, ಅಲ್ವಾ? ಒಂದೂವರೆ ಗಂಟೆ ಸಿಕ್ಕಿದರೆ ಉದ್ದದ ದಾಸರ ಪದ ಎರಡೇ ಇರಲಿ. ಅದೂ ನಿಮ್ಮ ಅತ್ತೆ ಹೇಳಿಕೊಡುವಂಥದ್ದು, ಪಲ್ಲವಿಯಲ್ಲಿ ದೇವರ ಹೆಸರು ಬರುವಂಥದ್ದು. ಉಳಿದದ್ದೆಲ್ಲ ನಾಮಾವಳಿ. ನಿಮ್ಮ ಸೊಲ್ಲುಗಳನ್ನು ದೇವನಾಗರಿ ಮತ್ತು ಇಂಗ್ಲಿಷ್ ಅಕ್ಷರದಲ್ಲಿ ದೊಡ್ಡದಾಗಿ ಬರೆದು ನೂರು ಹಾಳೆ ಮಾಡಿಸಿಕೊಳ್ಳಿ, ಕೆಳಗೆ ಎರಡು ಸಾಲು ಅರ್ಥ. ಅಲ್ಲಿನ ಮಕ್ಕಳಿಗೆ ದೇವನಾಗರಿ ಓದಲು ಬರುವುದು ಕಡಿಮೆ, ಇಂಗ್ಲಿಷ್ ಅಕ್ಷರ ಇರಲೇಬೇಕು. ನಮ್ಮ ಒಂದು ತಂಡ ಈ ಹಾಳೆ ಇಲ್ಲದೆ ಹೋಗಿತ್ತು. ಜನ ಗೌರವದಿಂದ ಕೂತು ಕೇಳಿದರು, ಚಪ್ಪಾಳೆ ತಟ್ಟಿದರು, ಅಷ್ಟೇ. ಅದು ಕಛೇರಿಯಾಯಿತು, ಭಜನೆಯಾಗಲಿಲ್ಲ. ಮುಂದಿನ ಸಲ ಹಾಳೆ ಹಂಚಿದೆವು. ಮೂರನೇ ಸುತ್ತಿಗೆ ಇಡೀ ಸಭೆ ಸೊಲ್ಲು ಹಿಡಿಯಿತು. ಮೂಲೆಯಲ್ಲಿ ಕೂತಿದ್ದ ಒಬ್ಬ ಗುಜರಾತಿ ಅಜ್ಜಿ ಎದ್ದು ಬಂದು ನಮ್ಮ ಹಾರ್ಮೋನಿಯಂ ಪಕ್ಕ ಕೂತು ಒಂದು ಧೂನ್ ಎತ್ತಿದರು. ನಾವು ಅವರ ಹಿಂದೆ ಹೇಳಿದೆವು. ನನಗೆ ಆ ಪ್ರವಾಸದಲ್ಲಿ ಸಿಂಹಕ್ಕಿಂತ ಆ ಅಜ್ಜಿಯೇ ಹೆಚ್ಚು ನೆನಪಿದ್ದಾರೆ.

ಇನ್ನೊಂದು ಅವಕಾಶ ಕಾಡಿನ ಅಂಚಿನ ಕ್ಯಾಂಪಿನಲ್ಲಿ ಸಿಗಬಹುದು. ಅನೇಕ ಕಡೆ ಸಂಜೆ ಮಸಾಯಿ ಜನ ಬಂದು ಹಾಡುತ್ತಾರೆ. ಅವರ ಹಾಡಿನಲ್ಲೂ ಹೇಳಿಕೊಡುವವನು ಒಬ್ಬ ಇರುತ್ತಾನೆ, ಅವನನ್ನು ‘ಒಲಾರನ್ಯಾನಿ’ ಅನ್ನುತ್ತಾರೆ. ಅವನು ಒಂದು ಸಾಲು ಎತ್ತುತ್ತಾನೆ, ಉಳಿದವರು ಗಂಟಲಿನ ಆಳದಿಂದ ಸೊಲ್ಲು ಹಿಡಿಯುತ್ತಾರೆ. ವಾದ್ಯ ಹೆಚ್ಚು ಕಡಿಮೆ ಇಲ್ಲವೇ ಇಲ್ಲ, ಉಸಿರೇ ತಾಳ. ಅವರು ಮುಗಿಸಿ ‘ನಿಮ್ಮದೂ ಒಂದು ಹಾಡಿ’ ಅಂದರೆ ಮಾತ್ರ ಹಾಡಿ. ಮೈಕ್ ಬೇಡ, ಹತ್ತು ನಿಮಿಷ ಸಾಕು, ಕತ್ತಲಾಗಿ ಹೊತ್ತಾಗಿದ್ದರೆ ಅದೂ ಬೇಡ. ಅವರಿಗೆ ಎಂಗಾಯ್ ಎಂಬ ದೇವರಿದ್ದಾನೆ, ಮಳೆ ಕೊಡುವ ದೇವರು. ಬಹಳ ಜನ ಈಗ ಕ್ರೈಸ್ತರು. ಯಾರಿಗೂ ನಮ್ಮ ಧರ್ಮ ಬೋಧಿಸಲು, ಪ್ರಸಾದ ತಿನ್ನಿ ಎಂದು ಒತ್ತಾಯಿಸಲು ಹೋಗಬೇಡಿ. ಕೇಳಿದರೆ ಹೇಳಿ.

ವಾದ್ಯದ ವಿಷಯಕ್ಕೆ ಬರುತ್ತೇನೆ. ಇದನ್ನು ಎಲ್ಲರಿಗೂ ಓದಿ ಹೇಳಿ. ನಿಮ್ಮಲ್ಲಿ ಹಳೆಯ ಕಂಜೀರ ಇದ್ದರೆ ಅದನ್ನು ಮನೆಯಲ್ಲೇ ಬಿಡಿ. ಹಳೆಯ ಕಂಜೀರಕ್ಕೆ ಹೊದಿಸುವುದು ಉಡದ ಚರ್ಮ. ಉಡ ನಮ್ಮ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ, ಅದರ ಚರ್ಮ ಗಡಿ ದಾಟಿಸುವುದು ಅಪರಾಧ. ಕಾಡು ನೋಡಲು ಹೊರಟವರು ಉಡದ ಚರ್ಮ ಇಟ್ಟುಕೊಂಡು ಸಿಕ್ಕಿಬಿದ್ದರೆ ಹೇಗಿರುತ್ತದೆ? ಕೃಷ್ಣನ ಫೋಟೋಕ್ಕೆ ಸಿಕ್ಕಿಸುವ ನವಿಲುಗರಿ, ಜಪಕ್ಕೆ ಹಾಸುವ ಜಿಂಕೆ ಚರ್ಮ ಕೂಡ ಬೇಡ. ಧೋಲಕ್ ಬೇಕಿದ್ದರೆ ಪ್ಲಾಸ್ಟಿಕ್ ಹೊದಿಕೆಯದ್ದು ಒಯ್ಯಿರಿ. ಹಾರ್ಮೋನಿಯಂ ಬಿಡಿ, ಶ್ರುತಿಪೆಟ್ಟಿಗೆ ಮೊಬೈಲಿನಲ್ಲೇ ಇದೆ. ದೇವಸ್ಥಾನದಲ್ಲಿ ಹಾರ್ಮೋನಿಯಂ, ತಬಲಾ ಇದ್ದೇ ಇರುತ್ತವೆ. ತಾಳ ಸಾಕು.

ಕರ್ಪೂರ ವಿಮಾನದಲ್ಲಿ ಒಯ್ಯುವಂತಿಲ್ಲ, ಬೆಂಕಿಪೊಟ್ಟಣ ಚೆಕ್-ಇನ್ ಬ್ಯಾಗಿನಲ್ಲಿ ಇಡುವಂತಿಲ್ಲ, ಒಣ ಕೊಬ್ಬರಿಗೂ ಅನುಮತಿ ಇಲ್ಲ. ತುಳಸಿ, ಬಿಲ್ವಪತ್ರೆ, ಹೂ, ಕಾಫಿ ಬೀಜ, ಮೆಣಸಿನ ಬಳ್ಳಿ ಯಾವುದೂ ಬೇಡ. ಹುರಿದ ಕಾಫಿಪುಡಿ ಪ್ಯಾಕೆಟ್ ಪರವಾಗಿಲ್ಲ. ಕೀನ್ಯಾದಲ್ಲಿ 2017ರ ಆಗಸ್ಟ್‌ನಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ, 2020ರ ಜೂನ್‌ನಿಂದ ರಕ್ಷಿತ ಅರಣ್ಯಗಳಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಎಲ್ಲವೂ ನಿಷೇಧ. ಹಾಗಾಗಿ ಪ್ರಸಾದದ ಪೊಟ್ಟಣ ಕಾಗದದಲ್ಲಿ ಕಟ್ಟಿ, ಬಟ್ಟೆ ಚೀಲ ಒಯ್ಯಿರಿ. ಕಾವೇರಿ ತೀರ್ಥ ಒಯ್ಯಬೇಕೆಂದು ನಿಮಗೆ ಖಂಡಿತ ಅನ್ನಿಸುತ್ತದೆ. ಒಯ್ಯಿರಿ. ಭದ್ರ ಮುಚ್ಚಳದ ಸ್ಟೀಲ್ ಬಾಟಲಿಯಲ್ಲಿ ತುಂಬಿಸಿ ಚೆಕ್-ಇನ್ ಬ್ಯಾಗಿಗೆ ಹಾಕಿ. ಕೈಚೀಲದಲ್ಲಾದರೆ 100 ಮಿಲಿಲೀಟರ್ ದಾಟಬಾರದು.

ಕೊಡಗಿನವರಿಗೆ ಮಾತ್ರ ಹೇಳಬೇಕಾದ ಇನ್ನೊಂದು ಮಾತಿದೆ. ಬ್ಯಾಗ್, ಜಾಕೆಟ್ ಜೇಬು ಎಲ್ಲವನ್ನೂ ಮನೆಯಲ್ಲೇ ತಲೆಕೆಳಗೆ ಮಾಡಿ ಕೊಡವಿ. ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳಿಗೆ ಬಳಸಿದ ಕೋವಿಯ ತೋಟಾ ಒಂದು ಮೂಲೆಯಲ್ಲಿ ಉಳಿದಿರುತ್ತದೆ. ಖಾಲಿ ತೋಟಾ ಆದರೂ ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ಪೊಲೀಸ್ ಕೇಸ್. ನಮ್ಮ ತಂಡದ ಒಬ್ಬರು ಇದೇ ಕಾರಣಕ್ಕೆ ಪ್ರಯಾಣ ತಪ್ಪಿಸಿಕೊಂಡಿದ್ದಾರೆ. ಬ್ಯಾಗ್ ಅವರ ತಮ್ಮನದು.

ಯಾವಾಗ ಹೋಗುವುದು? ಪಕ್ಕದ ಟಾಂಜಾನಿಯಾದ ಸೆರೆಂಗೆಟಿ ಕಾಡಿನಿಂದ ಲಕ್ಷಾಂತರ ವೈಲ್ಡ್‌ಬೀಸ್ಟ್‌ಗಳು, ಜೀಬ್ರಾಗಳು ಹುಲ್ಲು ಹುಡುಕಿಕೊಂಡು ಮಾರಾಕ್ಕೆ ಬರುವುದು ಸುಮಾರಾಗಿ ಜುಲೈಯಿಂದ ಅಕ್ಟೋಬರ್‌ವರೆಗೆ. ಜುಲೈ, ಆಗಸ್ಟ್‌ನಲ್ಲಿ ನಮ್ಮಲ್ಲಿ ಮಳೆ, ರಸ್ತೆ ಯಾವಾಗ ಕುಸಿಯುತ್ತದೋ ಗೊತ್ತಿಲ್ಲ. ನವೆಂಬರ್ ಆದಮೇಲೆ ಕಾಫಿ ಕೊಯ್ಲು ಶುರು, ಯಾರೂ ತೋಟ ಬಿಟ್ಟು ಬರಲಾಗುವುದಿಲ್ಲ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಮುಗಿಸಿ, ಗಣೇಶನ ಹಬ್ಬ ಯಾವ ವಾರ ಬರುತ್ತದೆ ನೋಡಿಕೊಂಡು, ಆ ತಿಂಗಳಲ್ಲೇ ಹೋಗಿ ಬನ್ನಿ. ಆ ಹಿಂಡುಗಳು ಮಾರಾ ನದಿ ದಾಟುವ ದೃಶ್ಯ ಸಿಕ್ಕೇ ಸಿಗುತ್ತದೆ ಅಂತ ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ದಡದಲ್ಲಿ ನಾಲ್ಕು ಗಂಟೆ ಕಾದು ಬರಿಗೈಯಲ್ಲಿ ಬಂದದ್ದೂ ಇದೆ.

ಮುಂಬೈಯಿಂದ ನೈರೋಬಿಗೆ ನೇರ ವಿಮಾನ ಇದೆ. ಇಳಿದ ಮೊದಲ ಎರಡು ದಿನ ನೈರೋಬಿಯಲ್ಲೇ ಇರಿ, ಒಂದು ಸಂಜೆ ಭಜನೆ. ಊರಿನ ಅಂಚಿನಲ್ಲೇ ನೈರೋಬಿ ರಾಷ್ಟ್ರೀಯ ಉದ್ಯಾನ ಇದೆ, 117 ಚದರ ಕಿಲೋಮೀಟರ್, 1946ರಿಂದ ಇರುವಂಥದ್ದು. ಘೇಂಡಾಮೃಗ, ಸಿಂಹ, ಜಿರಾಫೆ ಅಲ್ಲೇ ಕಾಣಬಹುದು. ಆಮೇಲೆ ಮೂರು ರಾತ್ರಿ ಮಾರಾ. ರಸ್ತೆಯಲ್ಲಿ ಐದಾರು ಗಂಟೆ. ಸಣ್ಣ ವಿಮಾನದಲ್ಲಿ ಹೋದರೆ ಸಾಮಾನ್ಯವಾಗಿ 15 ಕಿಲೋ ಮಾತ್ರ, ಅದೂ ಮೆತ್ತನೆಯ ಬ್ಯಾಗ್. ಬೆಳಿಗ್ಗೆ ಚಳಿ ನಮ್ಮ ಮಡಿಕೇರಿಯ ಹಾಗೇ, ಸ್ವೆಟರ್ ಬೇಕು. ವೀಸಾ ಬದಲು 2024ರ ಜನವರಿಯಿಂದ ಆನ್‌ಲೈನ್ ಪ್ರಯಾಣ ಅನುಮತಿ ಬಂದಿದೆ. ಖರ್ಚಿನಲ್ಲಿ ದೊಡ್ಡದು ಮಾರಾದ ಪ್ರವೇಶ ಶುಲ್ಕ. 2024ರಿಂದ ಜುಲೈ–ಡಿಸೆಂಬರ್ ಅವಧಿಯಲ್ಲಿ ವಿದೇಶಿ ವಯಸ್ಕರಿಗೆ ದಿನಕ್ಕೆ 200 ಡಾಲರ್. ಪ್ಯಾಕೇಜ್‌ನಲ್ಲಿ ಇದು ಸೇರಿದೆಯಾ ಅಂತ ಬರವಣಿಗೆಯಲ್ಲಿ ಕೇಳಿ. ಊಟಕ್ಕೆ ತೊಂದರೆ ಇಲ್ಲ, ಸಸ್ಯಾಹಾರ ಎಲ್ಲೆಡೆ ಸಿಗುತ್ತದೆ.

ಕೊನೆಗೆ ನಿಮ್ಮ ಅತ್ತೆಯ ವಿಷಯ. ನಾನಾದರೆ ಎಲ್ಲಕ್ಕಿಂತ ಮೊದಲು ಇದನ್ನೇ ತೀರ್ಮಾನ ಮಾಡುತ್ತಿದ್ದೆ. ಕೀನ್ಯಾದಿಂದ ಭಾರತಕ್ಕೆ ವಾಪಸ್ ಬರುವಾಗ ಹಳದಿ ಜ್ವರದ ಲಸಿಕೆ ಪ್ರಮಾಣಪತ್ರ ಬೇಕೇ ಬೇಕು. ಹೊರಡುವ ಕನಿಷ್ಠ 10 ದಿನ ಮೊದಲು ಸರ್ಕಾರ ಒಪ್ಪಿದ ಕೇಂದ್ರದಲ್ಲಿ ಹಾಕಿಸಬೇಕು, ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು. ಇಲ್ಲದಿದ್ದರೆ ಬಂದಿಳಿದ ಮೇಲೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ತೊಡಕು ಏನೆಂದರೆ 60 ದಾಟಿದವರಲ್ಲಿ ಈ ಲಸಿಕೆಯಿಂದ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಸ್ವಲ್ಪ ಜಾಸ್ತಿ. ಮೊಟ್ಟೆ ತೀವ್ರವಾಗಿ ಅಲರ್ಜಿ ಇರುವವರಿಗೂ ಆಗುವುದಿಲ್ಲ. ಮಾರಾದಲ್ಲಿ ಮಲೇರಿಯಾ ಮಾತ್ರೆಯ ಪ್ರಶ್ನೆಯೂ ಇದೆ. ಹಾಗಾಗಿ ಟಿಕೆಟ್ ಮಾಡುವ ಮೊದಲು, ಮುಂಗಡ ಕಟ್ಟುವ ಮೊದಲು, ಅವರ ಎಲ್ಲ ಮಾತ್ರೆಗಳ ಚೀಟಿ ಹಿಡಿದುಕೊಂಡು ವೈದ್ಯರ ಹತ್ತಿರ ಹೋಗಿ.

ವೈದ್ಯರು ಬೇಡ ಅಂದರೆ, ಅವರನ್ನು ಬಿಟ್ಟು 11 ಜನ ಹೋಗಬೇಡಿ ಅಂತಲೇ ನನ್ನ ಅಭಿಪ್ರಾಯ. ನೇಪಾಳಕ್ಕೆ ಹೋಗಿ. ವೀಸಾ ಬೇಡ, ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು, ಹಳದಿ ಜ್ವರದ ಲಸಿಕೆಯ ಗೊಡವೆ ಇಲ್ಲ. ಚಿತ್ವನ್‌ನಲ್ಲಿ ಒಂಟಿ ಕೊಂಬಿನ ಘೇಂಡಾಮೃಗಗಳಿವೆ, 2021ರ ಎಣಿಕೆಯಲ್ಲಿ 694 ಸಿಕ್ಕಿವೆ. ಕಠ್ಮಂಡುವಿನಲ್ಲಿ ಪಶುಪತಿನಾಥ. ಅಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಕಡೆಯವರು. ಸಂಜೆ ಬಾಗ್ಮತಿ ನದಿಯ ದಡದಲ್ಲಿ ಆರತಿ ನಡೆಯುವಾಗ ಜನ ಮೆಟ್ಟಿಲ ಮೇಲೆ ಕೂತು ಭಜನೆ ಹೇಳುತ್ತಾರೆ, ಎದ್ದು ಕುಣಿಯುತ್ತಾರೆ. ಅಲ್ಲಿ ಯಾರ ಅನುಮತಿ ಪತ್ರವೂ ಬೇಡ, ಅವರ ಜೊತೆ ಕೂತು ಸೊಲ್ಲು ಹಿಡಿದರೆ ಆಯಿತು. ಆದರೆ ಅಲ್ಲಿಗೆ ಸೆಪ್ಟೆಂಬರ್ ಬೇಡ, ಮಳೆ ಇರುತ್ತದೆ. ಅಕ್ಟೋಬರ್ 17ರ ಹೊತ್ತಿಗೆ ತಲಕಾವೇರಿಯಲ್ಲಿ ತೀರ್ಥೋದ್ಭವ ನೋಡಿ, ಹೊಸ ತೀರ್ಥವನ್ನೇ ಬಾಟಲಿಗೆ ತುಂಬಿಸಿಕೊಂಡು, ಕೊಯ್ಲು ಶುರುವಾಗುವ ಮೊದಲು ಹತ್ತು ದಿನ ಹೋಗಿ ಬನ್ನಿ. ಕಾಫಿ ಹಣ್ಣಾಗಲು ಅಷ್ಟು ಸಮಯ ಇನ್ನೂ ಇರುತ್ತದೆ.